ಗಾಳಿಮರ, ಸಹಸ್ರಪದಿ ಮತ್ತು ಒಂದು ಸಿಮೆಂಟ್ ಗಣಿಯ ಕಥೆ



ಮನೆ ಕಟ್ಟಿಸಿದ ಪ್ರತಿಯೊಬ್ಬರಿಗೂ ಒಂದು ಲೆಕ್ಕ ಬಾಯಿಪಾಠವಾಗಿರುತ್ತದೆ. ಅಡಿಪಾಯಕ್ಕೆ ಇಷ್ಟು ಚೀಲ ಸಿಮೆಂಟು, ತಾರಸಿಗೆ ಇಷ್ಟು ಚೀಲ, ಗಿಲಾವಿಗೆ ಇಷ್ಟು ಚೀಲ. ಗೃಹಪ್ರವೇಶ ಮುಗಿದು ವರ್ಷಗಳು ಕಳೆದರೂ ಆ ಅಂಕಿಗಳು ಮರೆಯುವುದಿಲ್ಲ. ಆದರೆ ಆ ಚೀಲದೊಳಗಿನ ಪುಡಿ ಯಾವ ಗುಡ್ಡದಿಂದ ಬಂತು, ಅದನ್ನು ತೆಗೆದ ಜಾಗದಲ್ಲಿ ಈಗ ಏನು ಉಳಿದಿದೆ ಎಂಬ ಲೆಕ್ಕವನ್ನು ಇಟ್ಟವರು ವಿರಳ. ಒಂದು ಟನ್ ಸಿಮೆಂಟ್ ತಯಾರಿಸಲು ಸುಮಾರು ಒಂದೂವರೆ ಟನ್ ಕಚ್ಚಾ ವಸ್ತು ಬೇಕು. ಅದರಲ್ಲಿ ಬಹುಪಾಲು ಸುಣ್ಣದ ಕಲ್ಲು. ಎಂದರೆ ನಾವು ಕಟ್ಟಿದ ಪ್ರತಿಯೊಂದು ತಾರಸಿಗೂ ಎಲ್ಲೋ ಒಂದೆಡೆ ಅದರದೇ ಆದ ಒಂದು ಹೊಂಡವಿದೆ.

ಅಂಥದೊಂದು ಹೊಂಡ ಕಾಡಾದ ಇತಿಹಾಸವನ್ನು ಈ ಸಲ ನಿಮ್ಮ ಮುಂದಿಡಬಯಸುತ್ತೇನೆ. ಅದು ನಮ್ಮ ದೇಶದ್ದಲ್ಲ. ಪೂರ್ವ ಆಫ್ರಿಕದ ಕೀನ್ಯಾ ದೇಶದಲ್ಲಿ, ಮೊಂಬಾಸಾ ದ್ವೀಪದ ಉತ್ತರಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಬಂಬೂರಿ ಎಂಬ ಊರಿನದು. ಇಂದು ಅದರ ಹೆಸರು ಹಾಲರ್ ಪಾರ್ಕ್. ಶಾಲಾಮಕ್ಕಳು ಸಾಲುಗಟ್ಟಿ ಹೋಗಿ ಜಿರಾಫೆಗಳಿಗೆ ತಿನಿಸು ನೀಡಿ ಬರುವ, ಮರಗಳ ನೆರಳು ದಟ್ಟವಾಗಿರುವ ವನೋದ್ಯಾನ. ಅರ್ಧ ಶತಮಾನಕ್ಕೆ ಹಿಂದೆ ಅಲ್ಲಿ ಹುಲ್ಲುಕಡ್ಡಿಯೂ ಇರಲಿಲ್ಲ.

ಮೊದಲು ಆ ಕಡಲತೀರದ ಪರಿಚಯ. ಮೊಂಬಾಸಾ ನಮಗೆ ತೀರ ಅಪರಿಚಿತವಾದ ಊರಲ್ಲ. ಶತಮಾನಗಳ ಕಾಲ ಮಾನ್ಸೂನ್ ಗಾಳಿಯನ್ನು ನಂಬಿ ಹಾಯಿಹಡಗುಗಳು ಭಾರತದ ಪಶ್ಚಿಮ ಕರಾವಳಿಗೂ ಆ ತೀರಕ್ಕೂ ನಡುವೆ ಓಡಾಡಿದವು. 1498ರ ಏಪ್ರಿಲ್ ತಿಂಗಳಲ್ಲಿ ವಾಸ್ಕೋ ಡ ಗಾಮ ಮೊಂಬಾಸಾವನ್ನು ಮುಟ್ಟಿ, ಅಲ್ಲಿ ವಿಶ್ವಾಸ ದೊರೆಯದೆ ಸಮೀಪದ ಮಾಲಿಂದಿಗೆ ಹೋಗಿ, ಅಲ್ಲಿಂದ ದಾರಿ ಬಲ್ಲ ನಾವಿಕನೊಬ್ಬನನ್ನು ಕರೆದುಕೊಂಡು ಮೇ ತಿಂಗಳಲ್ಲಿ ಕಲ್ಲಿಕೋಟೆ ಸೇರಿದ ಪಾಠವನ್ನು ನನ್ನ ತರಗತಿಯಲ್ಲಿ ಕುಳಿತವರೆಲ್ಲ ಓದಿದ್ದೀರಿ. ಮುಂದೆ 1593ರಿಂದ 1596ರವರೆಗೆ ಪೋರ್ಚುಗೀಸರು ಮೊಂಬಾಸಾದಲ್ಲಿ ಫೋರ್ಟ್ ಜೀಸಸ್ ಎಂಬ ಕೋಟೆಯನ್ನು ಕಟ್ಟಿದರು. ಆ ಕೋಟೆ ಈಗಲೂ ನಿಂತಿದೆ. ಅದರ ಗೋಡೆಗಳಿಗೆ ಬಳಸಿದ ಕಲ್ಲು ಬೇರೇನೂ ಅಲ್ಲ, ಹವಳದ ಕಲ್ಲು.

ಹವಳದ ಕಲ್ಲು ಎಂದರೆ ಆಭರಣದ ಹವಳವಲ್ಲ. ಸುಮಾರು ಒಂದು ಲಕ್ಷದ ಇಪ್ಪತ್ತೈದು ಸಾವಿರ ವರ್ಷಗಳ ಹಿಂದೆ ಸಮುದ್ರದ ಮಟ್ಟ ಈಗಿನದಕ್ಕಿಂತ ಎತ್ತರದಲ್ಲಿದ್ದಾಗ ಆ ತೀರದುದ್ದಕ್ಕೂ ಹವಳದ ದಿಬ್ಬಗಳು ಬೆಳೆದವು. ಸಮುದ್ರ ಹಿಂದೆ ಸರಿದ ಮೇಲೆ ಅವು ನೆಲದ ಮೇಲೆ ಉಳಿದು ಗಟ್ಟಿಯಾಗಿ ಸುಣ್ಣದ ಕಲ್ಲಾದವು. ನಮ್ಮ ಕರಾವಳಿಯಲ್ಲಿ ಹಿರಿಯರು ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದಂತೆ, ಅಲ್ಲಿಯ ಜನ ಹವಳದ ಕಲ್ಲನ್ನು ಸುಟ್ಟು ಸುಣ್ಣ ಮಾಡಿ ಮನೆ, ಮಸೀದಿಗಳನ್ನು ಕಟ್ಟಿದರು. ಆ ಬಳಕೆಯೆಲ್ಲ ಕೈಯಿಂದ ಕಡಿದು ತಲೆಯ ಮೇಲೆ ಹೊತ್ತಷ್ಟೇ. ನೆಲಕ್ಕೆ ಅದರಿಂದಾದ ಗಾಯ ಚಿಕ್ಕದು.

ಕಾರ್ಖಾನೆ ಬಂದ ಮೇಲೆ ಪ್ರಮಾಣ ಬದಲಾಯಿತು. 1951ರಲ್ಲಿ ಬಂಬೂರಿ ಸಿಮೆಂಟ್ ಕಂಪನಿ ಸ್ಥಾಪನೆಯಾಯಿತು. 1954ರಲ್ಲಿ ಉತ್ಪಾದನೆ ಆರಂಭವಾಯಿತು. ಸಿಮೆಂಟ್ ತಯಾರಿಕೆಯ ತತ್ತ್ವ ಸರಳ. ಸುಣ್ಣದ ಕಲ್ಲನ್ನು ಜೇಡಿಯಂಥ ಪದಾರ್ಥದೊಡನೆ ಅರೆದು, ತಿರುಗುವ ಉದ್ದನೆಯ ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಸುಡುತ್ತಾರೆ. ಕಲ್ಲಿನಲ್ಲಿದ್ದ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ, ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳು ಉಳಿಯುತ್ತವೆ. ಅವನ್ನು ತುಸು ಜಿಪ್ಸಮ್ಮಿನೊಡನೆ ನುಣ್ಣಗೆ ಅರೆದರೆ ಸಿಮೆಂಟು. ಹವಳದ ಕಲ್ಲು ಮೃದುವಾದುದರಿಂದಲೂ, ಬಂದರು ಹತ್ತಿರವಿದ್ದುದರಿಂದಲೂ ಬಂಬೂರಿ ಆ ಕೆಲಸಕ್ಕೆ ಹೇಳಿಮಾಡಿಸಿದ ಸ್ಥಳ. 1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾಯಿತು. ಹೊಸ ದೇಶಕ್ಕೆ ರಸ್ತೆ, ಸೇತುವೆ, ಶಾಲೆ, ಆಸ್ಪತ್ರೆಗಳೆಲ್ಲ ಬೇಕಾಗಿದ್ದವು. ಅವು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ 1971ರ ಹೊತ್ತಿಗೆ ಬಂಬೂರಿಯಲ್ಲಿ ಸುಮಾರು 2.5 ಕೋಟಿ ಟನ್ ಹವಳದ ಕಲ್ಲು ನೆಲದಿಂದ ಹೊರಬಂದಿತ್ತು.

ಆ ಗಣಿಯ ತಳವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಮೇಲ್ಮಣ್ಣು ಇಲ್ಲ. ನೆರಳಿಲ್ಲ. ಬಿಳಿಯ ಕಲ್ಲಿನ ಮೇಲೆ ಬಿದ್ದ ಬಿಸಿಲು ಕಣ್ಣು ಕುಕ್ಕುತ್ತದೆ. ಅಂತರ್ಜಲದ ಮಟ್ಟಕ್ಕೆ ತುಸು ಮೇಲಿನವರೆಗೂ ಅಗೆದಿದ್ದರಿಂದ ನೀರೇನೋ ಹತ್ತಿರವೇ ಇದೆ. ಆದರೆ ಸಮುದ್ರದ ನಂಟಿನ ಆ ನೀರು ಉಪ್ಪು. ಮಳೆ ಬಂದರೆ ಹಿಡಿದಿಡಲು ಮಣ್ಣಿಲ್ಲ, ಗಾಳಿ ಬೀಜ ತಂದರೆ ಮೊಳೆಯಲು ತಾವಿಲ್ಲ. ನಮ್ಮಲ್ಲಿ ಚಿರೆಕಲ್ಲು ತೆಗೆದ ಹೊಂಡಗಳನ್ನು ನೋಡಿದವರಿಗೆ ಇದರ ಅಂದಾಜು ಸಿಕ್ಕೀತು. ಅಂಥ ಹೊಂಡ ಚದರ ಕಿಲೋಮೀಟರುಗಳ ವಿಸ್ತಾರದಲ್ಲಿ ಹರಡಿದ್ದರೆ ಹೇಗಿರಬಹುದೋ ಹಾಗೆ.

ಇಲ್ಲಿ ಕಥೆಗೆ ಪ್ರವೇಶಿಸುವವರು ರೆನೆ ಹಾಲರ್. 1933ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಅವರು ತೋಟಗಾರಿಕೆಯಲ್ಲಿಯೂ ಉಷ್ಣವಲಯದ ಕೃಷಿಯಲ್ಲಿಯೂ ತರಬೇತಿ ಪಡೆದವರು. 1956ರಲ್ಲಿ ಆಫ್ರಿಕಕ್ಕೆ ಬಂದು ಕೆಲಕಾಲ ಕಾಫಿ ತೋಟದಲ್ಲಿ ಕೆಲಸ ಮಾಡಿ, 1959ರಲ್ಲಿ ಬಂಬೂರಿ ಕಾರ್ಖಾನೆಯನ್ನು ಸೇರಿದರು. ಅವರಿಗೆ ಒಪ್ಪಿಸಿದ್ದ ಕೆಲಸ ದೊಡ್ಡದೇನಲ್ಲ: ಕಾರ್ಖಾನೆಯ ತೋಟವನ್ನು ನೋಡಿಕೊಳ್ಳುವುದು, ಕಾರ್ಮಿಕರ ಊಟಕ್ಕೆ ಬೇಕಾದುದನ್ನು ಬೆಳೆಸುವುದು. ಗಣಿಯ ಹೊಂಡ ಅವರ ಕಣ್ಣೆದುರಿನಲ್ಲಿಯೇ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿತ್ತು. ಅದನ್ನು ಹಸಿರು ಮಾಡುವ ಪ್ರಯತ್ನ 1971ರ ಸುಮಾರಿಗೆ ಅವರ ಕೈಯಲ್ಲಿ ಮೊದಲಾಯಿತು.

ಅವರು ಮಾಡಿದ ಮೊದಲ ಕೆಲಸ ಪರೀಕ್ಷೆ. 26 ಜಾತಿಯ ಮರಗಳ ಸಸಿಗಳನ್ನು ಗಣಿಯ ತಳದಲ್ಲಿ ಕಲ್ಲನ್ನು ಕೊರೆದು ಮಾಡಿದ ಗುಂಡಿಗಳಲ್ಲಿ ನೆಟ್ಟರು. ನಂತರ ಕಾದರು. ಆರು ತಿಂಗಳಾಗುವಷ್ಟರಲ್ಲಿ ಉಳಿದದ್ದು ಮೂರೇ ಮೂರು ಜಾತಿ. ಒಂದು, ಸೋಮಾಲಿಯಾ ಕಡೆಯ ದಮಸ್ ಎಂಬ ಮರ, ಎರಡನೆಯದು, ನಮ್ಮ ತೆಂಗು, ಮೂರನೆಯದು, ಗಾಳಿಮರ. ಉಳಿದ 23 ಜಾತಿಗಳು ಸತ್ತವು.

ಗಾಳಿಮರವೆಂದರೆ ಯಾವುದೆಂದು ಕರಾವಳಿಯ ಮಕ್ಕಳಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರು ಅದನ್ನೇ ಸರ್ವೆ ಮರ ಎನ್ನುತ್ತಾರೆ. ಸ್ವಾಹಿಲಿ ಭಾಷೆಯಲ್ಲಿ ಅದು ಮ್ವಿಂಜೆ. ಶಾಸ್ತ್ರೀಯ ಹೆಸರು ಕ್ಯಾಸುರಿನಾ. ಅದರ ಜೋಲುವ ಎಳೆಗಳು ಕ್ಯಾಸವರಿ ಎಂಬ ದೊಡ್ಡ ಹಕ್ಕಿಯ ಗರಿಗಳನ್ನು ಹೋಲುವುದರಿಂದ ಆ ಹೆಸರು ಬಂತು. ಆಗ್ನೇಯ ಏಷ್ಯ, ಉತ್ತರ ಆಸ್ಟ್ರೇಲಿಯ ಮತ್ತು ಪೆಸಿಫಿಕ್ ದ್ವೀಪಗಳು ಅದರ ತವರು. ನಮ್ಮ ದೇಶದಲ್ಲಿ ಅದರ ತೋಪು ಬೆಳೆಸುವ ಇತಿಹಾಸಕ್ಕೂ ನಮ್ಮ ಜಿಲ್ಲೆಗೂ ನೇರ ಸಂಬಂಧವಿದೆ: ಸೌದೆಗಾಗಿ ಈ ಮರವನ್ನು ಮೊದಲು ತಂದು ನೆಟ್ಟದ್ದು 1868-69ರಲ್ಲಿ, ಕಾರವಾರದ ಸೀಮೆಯಲ್ಲಿ. ನೂರೈವತ್ತು ವರ್ಷಗಳಿಂದ ನಮ್ಮ ಬೇಲೆಯ ಮೇಲೆ ಅಲೆಯ ಸದ್ದಿನೊಡನೆ ಸದ್ದು ಬೆರೆಸಿ ನಿಂತಿರುವ ಈ ಮರ ವಾಸ್ತವವಾಗಿ ಬಂದು ನೆಲೆಸಿದ ಅತಿಥಿ. ಬಂಬೂರಿಯ ಗಣಿಯಲ್ಲಿ ಗೆದ್ದದ್ದೂ ಅದೇ.

ಏಕೆ ಗೆದ್ದಿತು? ಉಪ್ಪನ್ನು ಸಹಿಸುವ ಗುಣ ಒಂದು ಕಾರಣ. ಇನ್ನೊಂದು ಕಾರಣ ಬೇರಿನಲ್ಲಿದೆ. ಕಡಲೆ, ಹೆಸರು, ಹುರುಳಿಗಳ ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳು ವಾಸಿಸಿ ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸುವುದನ್ನು ನೀವು ಪ್ರೌಢಶಾಲೆಯಲ್ಲಿ ಕಲಿತಿದ್ದೀರಿ. ಗಾಳಿಮರ ದ್ವಿದಳ ಧಾನ್ಯದ ಕುಲಕ್ಕೆ ಸೇರಿದ್ದಲ್ಲ. ಆದರೂ ಅದರ ಬೇರಿನಲ್ಲಿ ಫ್ರಾಂಕಿಯ ಎಂಬ ಬೇರೊಂದು ಸೂಕ್ಷ್ಮಜೀವಿ ಅದೇ ಕೆಲಸವನ್ನು ಮಾಡುತ್ತದೆ. ಮಣ್ಣೇ ಇಲ್ಲದ ಕಲ್ಲಿನ ಮೇಲೆ ಈ ಜೀವಿ ತಾನಾಗಿ ಇರುವುದಿಲ್ಲ. ಈಗಾಗಲೇ ಗಾಳಿಮರ ಬೆಳೆದಿರುವ ಕಡೆಯ ಮಣ್ಣನ್ನು ಸಸಿಗಳ ಬುಡಕ್ಕೆ ಸೇರಿಸಿದರೆ ಅದರೊಡನೆ ಜೀವಿಯೂ ಬಂದು ಸೇರುತ್ತದೆ. ಒಂದು ಬಗೆಯಲ್ಲಿ ಇದು ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕಿದಂತೆ. ಹೆಪ್ಪು ಕೂಡಿದ ಮೇಲೆ ಗಾಳಿಮರಗಳು ವರ್ಷಕ್ಕೆ ಎರಡು ಮೀಟರಿನಂತೆ ಏರತೊಡಗಿದವು. ನೆರಳು ಬಂತು. ನೆಲದ ಕಾವು ಇಳಿಯಿತು.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಫೋಟೋ ತೆಗೆಸಿ, ಫಲಕ ನೆಟ್ಟು, ಕೆಲಸ ಮುಗಿಯಿತೆನ್ನಬಹುದಾಗಿತ್ತು. ದೂರದಿಂದ ನೋಡಿದರೆ ಕಾಡು ಆಗಿಹೋಗಿತ್ತು. ಆದರೆ ಅದು ಕಾಡಲ್ಲ, ಕಲ್ಲಿನ ಮೇಲೆ ನಿಂತ ಮರಗಳು ಮಾತ್ರ. ವ್ಯತ್ಯಾಸ ನೆಲದ ಮೇಲೆ ಕಾಣುತ್ತಿತ್ತು.

ಗಾಳಿಮರದ ಎಲೆಯೆಂದು ನಾವು ಕರೆಯುವ ಹಸಿರು ಸೂಜಿ ನಿಜಕ್ಕೂ ಎಲೆಯಲ್ಲ; ಅದು ಸಣ್ಣ ರೆಂಬೆ. ಅದರ ಗೆಣ್ಣುಗಳ ಸುತ್ತ ಹಲ್ಲಿನಂತೆ ಕಾಣುವ ಪುಟ್ಟ ಹುರುಪೆಗಳೇ ನಿಜವಾದ ಎಲೆಗಳು. ಆ ಸೂಜಿಗಳು ಉದುರಿ ಕೆಳಗೆ ಹಾಸಿಕೊಳ್ಳುತ್ತವೆ, ಆದರೆ ಬೇಗ ಕೊಳೆಯುವುದಿಲ್ಲ. ಅವುಗಳಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಕೊಳೆಸುವ ಸೂಕ್ಷ್ಮಜೀವಿಗಳನ್ನು ದೂರವಿಡುತ್ತದೆ. ನಾನು ಪಾಠ ಹೇಳುತ್ತಿದ್ದ ಕಡಲತೀರದ ಶಾಲೆಯ ಹಿಂದೆ ಒಂದು ಗಾಳಿಮರದ ತೋಪಿತ್ತೆಂಬುದು ಆ ಕಾಲದ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಬೆಳಗಿನ ಹೊತ್ತು ಹೆಂಗಸರು ಬಂದು ಆ ದರಕನ್ನು ಗುಡಿಸಿ ಬುಟ್ಟಿ ತುಂಬಿಕೊಂಡು ಹೋಗುತ್ತಿದ್ದರು. ಹಂಡೆಯ ಒಲೆ ಹೊತ್ತಿಸಲು ಅದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ. ವರ್ಷವಿಡೀ ಒಣಗಿ ಹಾಗೆಯೇ ಬಿದ್ದಿರುವುದರಿಂದಲೇ ಅದು ಸೌದೆಗೆ ಒಳ್ಳೆಯದು. ಅದೇ ಕಾರಣಕ್ಕೆ ಮಣ್ಣಾಗಲು ಒಲ್ಲದು.

ಬಂಬೂರಿಯಲ್ಲಿ ಗುಡಿಸುವವರೂ ಇರಲಿಲ್ಲ. ದರಕು ದಪ್ಪವಾಗುತ್ತ ಹೋಯಿತೇ ಹೊರತು ಕೆಳಗೆ ಒಂದು ಹಿಡಿ ಮಣ್ಣು ಹುಟ್ಟಲಿಲ್ಲ. ಮಣ್ಣು ಹುಟ್ಟದೆ ಇನ್ನೊಂದು ಜಾತಿಯ ಗಿಡ ಬರುವಂತಿಲ್ಲ. ಬೇರೆ ಗಿಡ ಬಾರದೆ ಕಾಡಾಗುವಂತಿಲ್ಲ.

ಪರಿಹಾರ ಬಂದದ್ದು ನಾವು ಕಾಲಿನಿಂದ ಸರಿಸಿ ಮುಂದೆ ಹೋಗುವ ಒಂದು ಪ್ರಾಣಿಯಿಂದ. ಮಳೆಗಾಲ ಶುರುವಾದೊಡನೆ ಅಂಗಳದಲ್ಲಿ ಕಾಣಿಸಿಕೊಂಡು, ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಸಹಸ್ರಪದಿ. ನಮ್ಮ ಕರಾವಳಿಯಲ್ಲಿ ಕೆಲವೆಡೆ ಅದನ್ನು ಚೋರಟೆ ಎನ್ನುತ್ತಾರೆ. ಸ್ವಾಹಿಲಿಯಲ್ಲಿ ಜೊಂಗೊ. ಪೂರ್ವ ಆಫ್ರಿಕದ ತೀರದಲ್ಲಿ ಕಪ್ಪು ಮೈ, ಕೆಂಪು ಕಾಲುಗಳ, ಬೆರಳುದ್ದದ ಒಂದು ಜಾತಿಯಿದೆ. ಅದರ ಸಾಲುಗಾಲಿನ ನಡಿಗೆಯನ್ನು ಕಂಡು ಅದಕ್ಕೆ 'ಮೊಂಬಾಸಾ ಟ್ರೇನ್' ಎಂಬ ಅಡ್ಡಹೆಸರೂ ಇದೆ. ಮೊಂಬಾಸಾದಿಂದ ಒಳನಾಡಿಗೆ 1896ರಿಂದ 1901ರವರೆಗೆ ರೈಲುದಾರಿ ಹಾಕಿದಾಗ ಭಾರತದಿಂದ ಹೋದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಕಾರರು ಅದರಲ್ಲಿ ದುಡಿದಿದ್ದರು ಎಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತಿರುವ ಸಂಗತಿ.

ಈ ಸಹಸ್ರಪದಿ ಗಾಳಿಮರದ ಒಣ ಸೂಜಿಯನ್ನು ತಿನ್ನುತ್ತದೆ ಎಂಬುದು ಹಾಲರ್ ಅವರ ಗಮನಕ್ಕೆ ಬಂತು. ಸೂಕ್ಷ್ಮಜೀವಿ ಮುಟ್ಟಲೊಲ್ಲದ ದರಕನ್ನು ಅದು ಅಗಿದು ಪುಡಿಮಾಡಿ ಹಿಕ್ಕೆ ಹಾಕುತ್ತದೆ. ಆ ಹಿಕ್ಕೆಯನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ಕೊಳೆಸಿ ಮಣ್ಣು ಮಾಡುತ್ತವೆ. ಅಷ್ಟು ಸಾಕಾಯಿತು. ಸುತ್ತಲಿನ ಪ್ರದೇಶದಿಂದ ಸಹಸ್ರಪದಿಗಳನ್ನು ನೂರಾರು ಸಂಖ್ಯೆಯಲ್ಲಿ ಹೆಕ್ಕಿ ತಂದು ಗಣಿಯ ತೋಪಿನಲ್ಲಿ ಬಿಟ್ಟರು. ಅವು ತಿಂದವು, ಮರಿ ಮಾಡಿದವು, ಹರಡಿದವು. ಕೆಲವೇ ವರ್ಷಗಳಲ್ಲಿ ಬಿಳಿಯ ಕಲ್ಲಿನ ಮೇಲೆ ಕರಿಯ ಮಣ್ಣಿನ ಪದರ ಮೂಡಿತು.

ಮಣ್ಣು ಮೂಡಿದ್ದೇ ತಡ, ಉಳಿದ ಕೆಲಸ ಒಂದರ ಹಿಂದೆ ಒಂದರಂತೆ ನಡೆಯಿತು. ಮೊದಲು ನಿಲ್ಲಲೊಲ್ಲದ ಜಾತಿಗಳ ಸಸಿಗಳು ಈಗ ನೆರಳಿನಲ್ಲಿ, ಮಣ್ಣಿನಲ್ಲಿ ನಿಂತವು. ಹಕ್ಕಿಗಳು ಬಂದವು; ಅವುಗಳ ಹಿಕ್ಕೆಯೊಡನೆ ಆಲ, ಅತ್ತಿಗಳ ಕುಲದ ಬೀಜಗಳು ಬಂದವು. ಒತ್ತಾಗಿ ಬೆಳೆದ ಗಾಳಿಮರಗಳನ್ನು ಕಡಿದು ಮರಮುಟ್ಟಾಗಿ ಮಾರಿ, ಆ ಜಾಗವನ್ನು ನಾಡಮರಗಳಿಗೆ ಬಿಟ್ಟುಕೊಟ್ಟರು. ತಾನು ಮೊದಲು ಬಂದು, ಇತರರಿಗೆ ನೆಲ ಹದಮಾಡಿ, ತಾನು ಹಿಂದೆ ಸರಿಯುವುದು ಇಲ್ಲಿ ಗಾಳಿಮರದ ಪಾತ್ರ.

ನೀರಿನ ಕಥೆಯೂ ಸ್ವಾರಸ್ಯಕರ. ತಳದಲ್ಲಿ ಅಂತರ್ಜಲ ಹತ್ತಿರವಿದ್ದುದರಿಂದ ಕೆರೆಗಳನ್ನು ತೋಡಿ ಟಿಲಾಪಿಯ ಎಂಬ ಮೀನನ್ನು ಸಾಕಿದರು. ಮೀನಿನ ತೊಟ್ಟಿಗಳಿಂದ ಹೊರಬರುವ ನೀರಿನಲ್ಲಿ ಕೊಳೆಯ ಸತ್ವ ಹೆಚ್ಚು. ಅದನ್ನು ಶುದ್ಧಿಮಾಡಲು ಬಳಸಿದ್ದು ಅಂತರಗಂಗೆ. ಹೌದು, ನಮ್ಮ ಕೆರೆಗಳಲ್ಲಿ ತೇಲುವ, ಪುಟ್ಟ ಕೋಸಿನಂಥ ಅದೇ ಗಿಡ. ಅದು ನೀರಿನ ಸತ್ವವನ್ನು ಹೀರಿಕೊಂಡು ಬೆಳೆಯುತ್ತದೆ. ಬೆಳೆದುದನ್ನು ತೆಗೆದು ಗೊಬ್ಬರಕ್ಕೆ ಹಾಕಬಹುದು. ಮೊಸಳೆ ಸಾಕಣೆ ಬಂತು, ಎಲ್ಯಾಂಡ್, ಓರಿಕ್ಸ್ ಎಂಬ ಜಿಂಕೆಯ ಬಗೆಯ ಪ್ರಾಣಿಗಳು ಬಂದವು. ಒಂದರ ಕಸ ಇನ್ನೊಂದಕ್ಕೆ ಉಣಿಸಾಗಬೇಕು, ಕಾಡು ತನ್ನ ಖರ್ಚಿನ ಒಂದು ಪಾಲನ್ನಾದರೂ ತಾನೇ ದುಡಿಯಬೇಕು ಎಂಬುದು ಅಲ್ಲಿಯ ಆಲೋಚನೆ. ಹಟ್ಟಿಗೊಬ್ಬರ ಗದ್ದೆಗೆ, ಗದ್ದೆಯ ಹುಲ್ಲು ಹಟ್ಟಿಗೆ ಎಂದು ಬದುಕಿದ ನಮ್ಮ ಹಿರಿಯರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

1984ರಲ್ಲಿ ಈ ಕಾಡನ್ನು ಸಾರ್ವಜನಿಕರಿಗೆ ತೆರೆದರು. 1987ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಹಾಲರ್ ಅವರಿಗೆ 'ಗ್ಲೋಬಲ್ 500' ಗೌರವವನ್ನು ನೀಡಿತು. ಮುಂದೆ ಉದ್ಯಾನಕ್ಕೆ ಅವರದೇ ಹೆಸರು ಬಂತು. ಗುಂಡಿ ಕೊರೆದವರ, ಸಹಸ್ರಪದಿಗಳನ್ನು ಹೆಕ್ಕಿ ತಂದವರ ಹೆಸರನ್ನು ಉದ್ಯಾನ ಹೊತ್ತಿಲ್ಲ. ಇತಿಹಾಸದಲ್ಲಿ ಇದು ಹೊಸತಲ್ಲವಾದರೂ ಪಾಠ ಹೇಳುವವನು ಅದನ್ನು ಎತ್ತಿ ಹೇಳಬೇಕು.

ಜಗತ್ತಿಗೆ ಹಾಲರ್ ಪಾರ್ಕಿನ ಹೆಸರು ಪರಿಚಯವಾದದ್ದು ಮಾತ್ರ ಬೇರೊಂದು ಪ್ರಸಂಗದಿಂದ. 2004ರ ಡಿಸೆಂಬರ್ 26ರ ಸುನಾಮಿಯನ್ನು ನಾವು ಯಾರೂ ಮರೆತಿಲ್ಲ. ಅದರ ಅಲೆ ಹಿಂದೂ ಮಹಾಸಾಗರವನ್ನು ದಾಟಿ ಕೀನ್ಯಾ ತೀರವನ್ನೂ ಮುಟ್ಟಿತು. ಸಬಾಕಿ ನದಿಯ ನೆರೆಯಲ್ಲಿ ಕೊಚ್ಚಿಕೊಂಡು ಸಮುದ್ರ ಸೇರಿದ್ದ ನೀರಾನೆಗಳ ಗುಂಪಿನ ಮರಿಯೊಂದು ತಾಯಿಯನ್ನು ಕಳೆದುಕೊಂಡು ಮಾಲಿಂದಿಯ ಬಳಿ ಬಂಡೆಯ ಮೇಲೆ ಸಿಕ್ಕಿಹಾಕಿಕೊಂಡಿತು. ಊರಿನವರು ಬಲೆ ಹಾಕಿ, ಹರಸಾಹಸದಿಂದ ಅದನ್ನು ಹಿಡಿದು ಬದುಕಿಸಿದರು. ಓವೆನ್ ಎಂಬ ಹೆಸರಿನ ಆ ಮರಿಯನ್ನು ಹಾಲರ್ ಪಾರ್ಕಿಗೆ ತಂದು ಬಿಟ್ಟಾಗ ಅದು ನೇರವಾಗಿ ಓಡಿ ಆಶ್ರಯ ಪಡೆದದ್ದು ಸುಮಾರು 130 ವರ್ಷ ವಯಸ್ಸಿನದೆಂದು ಹೇಳಲಾಗುತ್ತಿದ್ದ ಒಂದು ದೈತ್ಯ ಆಮೆಯ ಬೆನ್ನ ಹಿಂದೆ. ಆಮೆಯ ಹೆಸರು ಮ್ಜೀ. ಸ್ವಾಹಿಲಿಯಲ್ಲಿ ಹಿರಿಯ ಎಂದು ಅರ್ಥ. ಮೊದಲು ದೂರ ಸರಿದ ಹಿರಿಯ ಕೆಲವು ದಿನಗಳಲ್ಲಿ ಮರಿಯನ್ನು ಒಪ್ಪಿಕೊಂಡಿತು. ಎರಡೂ ಒಟ್ಟಿಗೆ ಮೇಯುತ್ತ, ಒಟ್ಟಿಗೆ ಮಲಗುತ್ತ ಇದ್ದುದರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. 2006ರಲ್ಲಿ ಪುಸ್ತಕವೂ ಬಂತು. ಮೊಮ್ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕಿಲ್ಲ. ಆದರೆ ಅವೆರಡೂ ನೆರಳಿನಲ್ಲಿ ಮಲಗಿದ್ದ ಆ ನೆಲವನ್ನು ತಯಾರಿಸಿದವರು ಯಾರು ಎಂಬುದನ್ನೂ ಸೇರಿಸಿ ಹೇಳಿರೆಂದು ನನ್ನ ಬಿನ್ನಹ.

ಮೊಂಬಾಸಾದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಕಾಡಿನ ಕೆಲವು ಚಿತ್ರಗಳನ್ನು ಕಳುಹಿಸಿ, "ಸರ್, ನಮ್ಮ ಶಾಲೆಯ ಹಿಂದಿನ ತೋಪಿನ ಹಾಗೆಯೇ ಇದೆ. ಇದನ್ನು ನೋಡಿದ ಮೇಲೆ ಗಣಿಯಿಂದ ಹಾನಿ ಎನ್ನುವ ಮಾತಿಗೆ ಅರ್ಥವಿದೆಯೇ?" ಎಂದು ಕೇಳಿದ. ಪ್ರಶ್ನೆ ಒಳ್ಳೆಯದು. ಉತ್ತರವನ್ನು ಎಚ್ಚರದಿಂದ ಹೇಳಬೇಕು.

ಅದೇ ಕರಾವಳಿಯಲ್ಲಿ ಮಿಜಿಕೆಂಡ ಎಂಬ ಜನಸಮುದಾಯದ ಪವಿತ್ರ ಕಾಡುಗಳಿವೆ. ಅವುಗಳಿಗೆ ಕಾಯಾ ಎಂದು ಹೆಸರು. ಪೂರ್ವಿಕರು ನೆಲೆಸಿದ್ದ, ಈಗ ಹಿರಿಯರ ಕಟ್ಟಳೆಯಂತೆ ಕಡಿಯದೆ ಉಳಿಸಿಕೊಂಡ ಕಾಡುಗಳವು. 2008ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊಡಗಿನ ದೇವರಕಾಡುಗಳನ್ನು ಕಂಡವರಿಗೆ ಕಾಯಾ ಎಂದರೇನೆಂದು ಕೂಡಲೇ ಅರ್ಥವಾಗುತ್ತದೆ. ಕಾಯಾದ ಕಾಡಿಗೂ ಹಾಲರ್ ಪಾರ್ಕಿನ ಕಾಡಿಗೂ ಇರುವ ಅಂತರ ಅಜ್ಜನ ಕಾಲದ ಮನೆಗೂ ಬಾಡಿಗೆಗೆ ಕಟ್ಟಿದ ಮನೆಗೂ ಇರುವ ಅಂತರದಂತೆ. ಎರಡರಲ್ಲಿಯೂ ವಾಸಿಸಬಹುದು. ಆದರೆ ಒಂದನ್ನು ಕೆಡವಿ ಇನ್ನೊಂದನ್ನು ಕಟ್ಟಿ, ಲೆಕ್ಕ ಸರಿಹೋಯಿತೆನ್ನಲಾಗದು. ಲಕ್ಷ ವರ್ಷದ ಹವಳದ ದಿಬ್ಬ ಮತ್ತೆ ಬರುವುದಿಲ್ಲ. ಅದರ ಮೇಲಿದ್ದ ಸಸ್ಯಸಂಪತ್ತು ಇದ್ದಂತೆಯೇ ಮರಳುವುದಿಲ್ಲ. ಬಂಬೂರಿಯಲ್ಲಿ ಆದದ್ದು ಹಳೆಯದರ ಪುನರಾಗಮನವಲ್ಲ. ಗಾಯದ ಮೇಲೆ ಬೆಳೆದ ಹೊಸ ಚರ್ಮ.

ಇನ್ನೊಂದು ಸಂಗತಿ. ಈ ಕಾಡು ಬೆಳೆದದ್ದು ಕಂಪನಿಯ ನೆಲದ ಮೇಲೆ. ಕಂಪನಿ ಕೈಬದಲಾಗುತ್ತಲೇ ಬಂದಿದೆ. 1989ರಲ್ಲಿ ಫ್ರಾನ್ಸಿನ ಲಫಾರ್ಜ್ ಸಂಸ್ಥೆ ಅದರಲ್ಲಿ ಪಾಲು ಪಡೆಯಿತು. 2015ರಲ್ಲಿ ಲಫಾರ್ಜ್ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಜೊತೆ ವಿಲೀನವಾಯಿತು. 2024ರ ಡಿಸೆಂಬರಿನಲ್ಲಿ ತಾಂಜಾನಿಯಾದ ಅಮ್ಸನ್ಸ್ ಸಮೂಹ ಬಂಬೂರಿ ಸಿಮೆಂಟನ್ನು ಕೊಂಡಿತು. ಮಾಲೀಕರು ಬದಲಾದಾಗ ಸಹಸ್ರಪದಿಗಳಿಗೆ ಅದು ತಿಳಿಯುವುದಿಲ್ಲ, ಆದರೆ ಅವುಗಳ ಭವಿಷ್ಯ ಆ ಕಾಗದಗಳ ಮೇಲೆ ನಿಂತಿರುತ್ತದೆ. ಕಾಯಾಗಳನ್ನು ಕಾಯ್ದದ್ದು ಸಮುದಾಯದ ನಂಬಿಕೆ. ಮನುಷ್ಯ ಕಟ್ಟಿದ ಕಾಡಿಗೂ ಅಂಥದೊಂದು ಕಾವಲು ಬೇಕು.

ಹಾಗಾದರೆ ಬಂಬೂರಿಯಿಂದ ಕಲಿಯುವುದು ಏನೂ ಇಲ್ಲವೇ? ಬಹಳ ಇದೆ. ನಮ್ಮ ದೇಶದಲ್ಲಿ ಗಣಿ ಮುಚ್ಚುವಾಗ ನೆಲವನ್ನು ಹೇಗೆ ಸರಿಪಡಿಸಬೇಕೆಂಬ ಯೋಜನೆ ಸಲ್ಲಿಸಬೇಕೆಂಬ ನಿಯಮ ಬಂದದ್ದು 2003ರಲ್ಲಿ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿ, ಮುಂದೆ 2013ರ ಏಪ್ರಿಲ್ ತಿಂಗಳ ತೀರ್ಪಿನಲ್ಲಿ ನೆಲದ ಪುನಶ್ಚೇತನಕ್ಕೆ ಷರತ್ತುಗಳನ್ನು ವಿಧಿಸಿತು. 2020ರ ಜನವರಿಯಲ್ಲಿ, ಅಗೆದು ಮುಗಿದ ಗಣಿಗಳಲ್ಲಿ ಹುಲ್ಲು, ಮೇವು ಬೆಳೆಯುವಂತೆ ಗಣಿ ಗುತ್ತಿಗೆದಾರರು ಮಾಡಬೇಕೆಂದು ಅದೇ ನ್ಯಾಯಾಲಯ ಆದೇಶಿಸಿತು. ಬಂಬೂರಿಯ ಕೆಲಸ ಶುರುವಾದ ಮೂರು ದಶಕಗಳ ಮೇಲೆ ನಮ್ಮಲ್ಲಿ ನಿಯಮ ಬಂದಿತು. ನಿಯಮ ಬಂದದ್ದು ಒಳ್ಳೆಯದೇ. ಆದರೆ ನಿಯಮ ಸಸಿ ನೆಡಿಸಬಲ್ಲದು. ಆರು ತಿಂಗಳಾದ ಮೇಲೆ ಹೋಗಿ ನೋಡುವ ಮನಸ್ಸನ್ನು ಅದು ತಾನಾಗಿ ಹುಟ್ಟಿಸಲಾರದು.

ಈ ಇತಿಹಾಸದಲ್ಲಿ ನನಗೆ ಮುಖ್ಯವೆಂದು ಕಾಣುವುದು ಇದೇ. 26ರಲ್ಲಿ ಮೂರು ಉಳಿದವು ಎಂಬ ಅಂಕಿ ನಮಗೆ ಸಿಕ್ಕಿದ್ದು ಹೇಗೆ? ಯಾರೋ ಒಬ್ಬರು ಮರಳಿ ಹೋಗಿ ಎಣಿಸಿದ್ದರಿಂದ. ದರಕು ಕೊಳೆಯುತ್ತಿಲ್ಲ ಎಂದು ತಿಳಿದದ್ದು ಹೇಗೆ? ಯಾರೋ ಒಬ್ಬರು ಬಾಗಿ ನೋಡಿದ್ದರಿಂದ. ಕನ್ಹಯ್ಯಲಾಲ್ ಮುನ್ಷಿಯವರು 1950ರಲ್ಲಿ ವನಮಹೋತ್ಸವವನ್ನು ಆರಂಭಿಸಿದಂದಿನಿಂದ ನಾವು ಪ್ರತಿ ಜುಲೈ ತಿಂಗಳೂ ಸಸಿ ನೆಡುತ್ತ ಬಂದಿದ್ದೇವೆ. ಹೋದ ವರ್ಷದ ಗುಂಡಿಗೇ ಈ ವರ್ಷದ ಸಸಿ ಎಂಬ ನಗೆಮಾತು ನಮ್ಮ ನಾಡಿನ ಎಲ್ಲ ಶಾಲೆಗಳಲ್ಲೂ ಚಾಲ್ತಿಯಲ್ಲಿದೆ. ನೆಟ್ಟವರ ಸಂಖ್ಯೆಯನ್ನು ವರದಿಯಲ್ಲಿ ಬರೆಯುತ್ತೇವೆ. ಬದುಕಿದವುಗಳ ಸಂಖ್ಯೆಯನ್ನು ಬರೆಯುವ ಅಂಕಣ ಆ ವರದಿಯಲ್ಲಿ ಇರುವುದಿಲ್ಲ. ನೆಡುವುದು ಒಂದು ದಿನದ ಕೆಲಸ, ಬೆಳೆಸುವುದು ಒಂದು ಆಯುಷ್ಯದ ಕೆಲಸ. ಇವೆರಡರ ನಡುವಿನ ಅಂತರದಲ್ಲಿಯೇ ನಮ್ಮ ಬಹುಪಾಲು ಕಾಡುಗಳು ಕಳೆದುಹೋಗುತ್ತವೆ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಎಂಜಿನಿಯರುಗಳು, ಕೆಲವರು ಗುತ್ತಿಗೆದಾರರು, ಹಲವರು ನನ್ನಂತೆಯೇ ಶಿಕ್ಷಕರು. ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಹತ್ತಿರದ ಯಾವುದಾದರೂ ಚಿರೆಕಲ್ಲು ಹೊಂಡವನ್ನೋ, ನಿಂತುಹೋದ ಕ್ವಾರಿಯನ್ನೋ ಆರಿಸಿಕೊಳ್ಳಿ. ನಿಮ್ಮ ಮಕ್ಕಳೊಡನೆ ಮಳೆಗಾಲದ ಮೊದಲಿಗೆ ಒಮ್ಮೆ ಹೋಗಿ, ಅಲ್ಲಿ ತಾನಾಗಿ ಯಾವ ಯಾವ ಗಿಡ ಹುಟ್ಟಿದೆ ಎಂದು ಬರೆದಿಡಿ. ಆರು ತಿಂಗಳಾದ ಮೇಲೆ ಇನ್ನೊಮ್ಮೆ ಹೋಗಿ ಎಣಿಸಿ. ದಾರಿಯಲ್ಲಿ ಚೋರಟೆ ಸಿಕ್ಕರೆ ತುಳಿಯದೆ ದಾಟಿ. ಆ ಎಣಿಕೆಯ ಚೀಟಿಯನ್ನು ನನಗೂ ಒಂದು ಪ್ರತಿ ಕಳುಹಿಸಿಕೊಟ್ಟರೆ, ಹಳೆಯ ಹಾಜರಿ ಪುಸ್ತಕದಂತೆ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.